ಸಮುದ್ರಕ್ಕೆ ಉಪ್ಪು ಒಯ್ಯುವ ಕಾಕಾ

ಬಾಂಬೆಯನ್ನು ಬಾಂಬೆಯಲ್ಲೇ ಹುಟ್ಟಿದವರಿಗಿಂತ ಚೆನ್ನಾಗಿ ಬಲ್ಲ ಮನುಷ್ಯನೊಬ್ಬ ನಮ್ಮ ಬಸವನ ಬಾಗೇವಾಡಿಯಲ್ಲಿದ್ದ. ಯಾವ ಸ್ಟೇಷನ್ನಾದ ಮೇಲೆ ಯಾವ ಸ್ಟೇಷನ್ನು, ಸಮುದ್ರದ ದಂಡೆಗೆ ಯಾವ ನಂಬರಿನ ಬಸ್ಸು, ಇಳಿದು ಎಷ್ಟು ಹೆಜ್ಜೆ ನಡೆದು ಎಡಕ್ಕೆ ತಿರುಗಬೇಕು, ಎಲ್ಲವನ್ನೂ ಕಣ್ಣು ಮುಚ್ಚಿ ಹೇಳುತ್ತಿದ್ದ. ಒಂದೇ ಒಂದು ಕೊರತೆ. ಪುಣ್ಯಾತ್ಮ ಬಾಂಬೆಯನ್ನು ನೋಡಿರಲಿಲ್ಲ!

ಅವನು ನಮ್ಮ ಕಾಕಾ, ಅಪ್ಪನ ತಮ್ಮ. ಹಿರಿಯರನ್ನು ಏಕವಚನದಲ್ಲಿ ಬರೀತೀಯಲ್ಲ ಅಂತ ಬಯ್ಯಬೇಡಿ. ನಮ್ಮ ಕಡೆ ಪ್ರೀತಿ ಜಾಸ್ತಿಯಾದರೆ ಬಹುವಚನ ತಾನಾಗಿ ಉದುರಿಬಿಡುತ್ತದೆ.

ಕಾಕಾ ಬಾಗೇವಾಡಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಅಂದರೆ ಗೂಡಿನಂಥ ಖೋಲಿಯಲ್ಲಿ ಕೂತು, ಬಂದ ಬಸ್ಸನ್ನು ಬರೆದುಕೊಂಡು, ಹೊರಡುವ ಬಸ್ಸನ್ನು ಮೈಕಿನಲ್ಲಿ ಕೂಗಿ, ಸೀಟಿ ಊದಿ ಕಳಿಸುವ ಕೆಲಸ. ಆಯುಷ್ಯವೆಲ್ಲ ಮಂದಿಯನ್ನು ಊರಿಗೆ ಕಳಿಸಿದ ಮನುಷ್ಯ, ತಾನು ಎಲ್ಲಿಗೂ ಹೋಗಲಿಲ್ಲ. ಮನೆಗೆ ಬಂದರೂ ಮೈಕು ಗಂಟಲೊಳಗೇ ಇರುತ್ತಿತ್ತು.

"ಊಟಕ್ಕ ಕುಂಡ್ರೂವಂಥಾ ಪ್ರಯಾಣಿಕರು ಅಡಗಿ ಮನಿ ಕಡೆ ಬರಬೇಕು! ರೊಟ್ಟಿ ಇನ್ನ ಐದ ಮಿನಿಟಿನ್ಯಾಗ ಬಿಡತಾವ!"

ಒಳಗಿಂದ ಕಾಕು, ಅಂದರೆ ಅವನ ಹೆಂಡತಿ, ಕೂಗುತ್ತಿದ್ದಳು: "ರೊಟ್ಟಿ ರದ್ದಾಗ್ಯಾವ್ರಿ! ಬರೇ ಅನ್ನ ಐತಿ. ಹತ್ತೂದಿದ್ರ ಹತ್ತರಿ, ಇಲ್ಲಂದ್ರ ಬಿಡ್ರಿ!"

ಅವರಿಗೆ ಮಕ್ಕಳಿರಲಿಲ್ಲ. ಮನೆ ಭಣಭಣ ಅನ್ನುತ್ತದೆ ಅಂತ, ನಮ್ಮ ಮೋರಟಗಿಗೆ ಸಿಂದಗಿ ಕಾಲೇಜು ಹತ್ತಿರವಿದ್ದರೂ ಅಪ್ಪ ನನ್ನನ್ನು ಬಾಗೇವಾಡಿಗೆ ತಂದು ಬಿಟ್ಟ. ಹಾಗಾಗಿ ಈ ಬಾಂಬೆ ಪುರಾಣಕ್ಕೆ ನಾನೇ ಸಾಕ್ಷಿ.

ಇದೆಲ್ಲ ಶುರುವಾದದ್ದು ಕಾಕುವಿನ ಒಂದು ಮಾತಿನಿಂದ. ಪಕ್ಕದ ಮನೆಯ ಮಾಸ್ತರರ ಹೆಂಡತಿ ಬಾಂಬೆಗೆ ಹೋಗಿ ಬಂದವರು, ಸಮುದ್ರಕ್ಕೆ ಆಚೆ ದಂಡೆಯೇ ಇಲ್ಲ ಅಂತ ಹೇಳಿದ್ದರು. ಕಾಕು ಎರಡು ದಿನ ಅದನ್ನೇ ಮೆಲುಕು ಹಾಕಿ ಮೂರನೇ ದಿನ ಅಂದಳು: "ಆಚಿ ದಂಡಿ ಕಾಣದಂಥಾ ನೀರ ಒಮ್ಮೆ ನೋಡಬೇಕ್ರಿ." ಬಂಗಾರ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ಕೇಳಿದ್ದು ಇದೊಂದೇ.

"ಆತು!" ಅಂದ ಕಾಕಾ. "ಈ ಚಳಿಗಾಲಕ್ಕ ಹೋಗೂಣು. ಶುಕ್ರವಾರ ಸಂಜಿಕ ಬಿಡೂದು, ಸೋಮವಾರ ಮುಂಜಾನೆ ಡ್ಯೂಟಿಗೆ ಹಾಜರ್!"

ಚಳಿಗಾಲವೇ ಯಾಕೆ? ಬೇಸಿಗೆಯಲ್ಲಿ ಬಾಂಬೆ ಬೇಯುತ್ತದಂತೆ, ಮಳೆಗಾಲದಲ್ಲಿ ಮುಳುಗುತ್ತದಂತೆ. ಇದನ್ನು ಹೇಳಿದ್ದು ಯಾರು? ಬಾಂಬೆ ನೋಡದ ನಮ್ಮ ಕಾಕಾ!

ಆದರೆ ಅವಸರವಿತ್ತು ನೋಡಿ, ಅದನ್ನು ನಾವ್ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಯಾವುದೋ ಜ್ವರ ಕಾಕುವಿನ ಎದೆಯನ್ನು ಹಾಳು ಮಾಡಿ ಹೋಗಿತ್ತು. ನಮ್ಮ ಮಾಳಿಗೆಗೆ ಹನ್ನೊಂದು ಮೆಟ್ಟಿಲು. ನಾನು ಬಂದ ವರ್ಷ ಹಪ್ಪಳದ ಬುಟ್ಟಿ ಹೊತ್ತು ಒಂದೇ ಉಸಿರಿಗೆ ಹತ್ತುತ್ತಿದ್ದಳು. ಮರುವರ್ಷ ಒಂಬತ್ತನೆಯ ಮೆಟ್ಟಿಲಿಗೆ ನಿಂತಳು. ಅದರ ಮರುವರ್ಷ ಏಳನೆಯದಕ್ಕೆ. ಕಾಕಾ ಬಾಂಬೆಯ ಹೆಜ್ಜೆ ಎಣಿಸುತ್ತಿದ್ದ, ನಾನು ಈ ಮೆಟ್ಟಿಲು ಎಣಿಸುತ್ತಿದ್ದೆ.

ಮೊದಲನೆಯ ಚಳಿಗಾಲ ತಾಲೀಮಿಗೇ ಹೋಯಿತು. ಬಾಂಬೆಯ ಲೋಕಲ್ ಗಾಡಿ ಇಪ್ಪತ್ತೇ ಸೆಕೆಂಡು ನಿಲ್ಲುತ್ತದೆ ಅಂತ ಯಾರೋ ಡ್ರೈವರ್ ಹೇಳಿದ್ದನಂತೆ. ಅಷ್ಟರೊಳಗೆ ಸಾಮಾನು ಸಮೇತ ಹತ್ತುವುದನ್ನು ಕಲಿಯಬೇಕು! ಕಾಕಾ ನಮ್ಮಿಬ್ಬರನ್ನೂ ಬಸ್ ಸ್ಟ್ಯಾಂಡಿಗೆ ಕರೆಸಿ, ನಿಂತಿದ್ದ ಮುದ್ದೇಬಿಹಾಳ ಬಸ್ಸಿನ ಮುಂದೆ ನಿಲ್ಲಿಸಿ, ಗಡಿಯಾರ ಹಿಡಿದ.

"ರೆಡಿ? ಹತ್ತರಿ! ಒಂದ, ಎರಡ, ಮೂರ..."

ಕಾಕು ಸೀರೆ ಎತ್ತಿ ಸಿಕ್ಕಿಸಿ, ಗಂಟು ಕಂಕುಳಲ್ಲಿಟ್ಟು ಹನ್ನೆರಡಕ್ಕೇ ಒಳಗೆ! ನಾನು ಚೀಲ ಬಾಗಿಲಿಗೆ ಸಿಕ್ಕಿ ನೆಲಕ್ಕೆ ಬಿದ್ದೆ. ಅಷ್ಟರಲ್ಲಿ ಬಸ್ಸಿನ ಟೈಮು ಆಯಿತು. ಕಾಕಾನ ಕೈ ತಾನಾಗಿ ಸೀಟಿಗೆ ಹೋಯಿತು. ಪೀಂ! ಬಸ್ಸು ಹೊರಟೇಹೋಯಿತು. ಕಾಕಾ ಒಳಗೆ ಹೋಗಿ ರಜಿಸ್ಟರಿನಲ್ಲಿ "ಸಕಾಲಕ್ಕೆ ನಿರ್ಗಮನ" ಅಂತ ಬರೆದು, ಪೆನ್ನಿನ ಟೊಪ್ಪಿಗೆ ಹಾಕಿ, ಆಮೇಲೆ ಕೇಳಿದ: "ನಿಮ್ಮ ಕಾಕು ಎಲ್ಲಿ ಅದಾಳ?"

ನಾನು ರಸ್ತೆ ಕಡೆ ಕೈ ತೋರಿಸಿದೆ.

ಕಾಕು ಸಂಜೆ ತಿರುಗಿ ಬಂದಳು. ಕೈಯಲ್ಲಿ ಒಂದು ಚೀಲ ಪೇರಲ ಹಣ್ಣು, ಮುಖದಲ್ಲಿ ದೀಪಾವಳಿ. "ಮುದ್ದೇಬಿಹಾಳ ಭಾರಿ ಐತ್ರಿ! ಕಿಡಕಿ ಸೀಟ ಸಿಕ್ಕಿತ್ತು!" ಕಾಕಾ ಬಾಂಬೆಗೆಂದೇ ಇಟ್ಟಿದ್ದ ವಹಿಯಲ್ಲಿ, ಅಂದರೆ ನೋಟ್‌ಬುಕ್ಕಿನಲ್ಲಿ, ಗಂಭೀರವಾಗಿ ಬರೆದುಕೊಂಡ: ಹೆಂಡತಿ ಪಾಸ್, ಅಣ್ಣನ ಮಗಳು ನಾಪಾಸ್.

ಆ ಪೇರಲ ಹಣ್ಣಿನಿಂದಲೇ ಪಟ್ಟಿಗೆ ಉಪ್ಪು ಸೇರಿತು. ಪಟ್ಟಿ ಅಂದರೆ ಬಾಂಬೆಗೆ ಒಯ್ಯುವ ಸಾಮಾನಿನ ಪಟ್ಟಿ. ಕಡಕ್ ರೊಟ್ಟಿ ಅರವತ್ತು, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಒಂದು ಡಬ್ಬಿ, ಬ್ಯಾಟರಿ, ಸೀಟಿ, ಹಗ್ಗ...

"ಹಗ್ಗ ಯಾಕ ಕಾಕಾ?"

"ಗದ್ದಲದಾಗ ತಪ್ಪಿಸಿಕೊಂಡ್ರ? ಮೂರೂ ಮಂದಿ ಸೊಂಟಕ್ಕ ಕಟಗೊಂಡ್ರ ಚಿಂತಿ ಇಲ್ಲ."

ಕಾಕು ಅಕ್ಕಿ ಆರಿಸುತ್ತಲೇ ಅಂದಳು: "ನಮ್ಮನ್ನೇನ ಸಂತಿಗೆ ಹೊಡಕೊಂಡ ಹೊಂಟೀರೇನ್ರಿ?"

ಮೂವತ್ತೊಂದನೆಯದು ಉಪ್ಪು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಸಮುದ್ರಕ್ಕ ಉಪ್ಪ ಒಯ್ಯೂ ಮನಶ್ಯಾ ನೀ ಒಬ್ಬಾವನ, ಕಾಕಾ!"

"ನಗಬ್ಯಾಡ. ಅಲ್ಲಿ ಪೇರಲ ಹಣ್ಣ ತಿನಬೇಕನಸ್ತು, ಆಗ? ಯಾರ ಮನಿಗೆ ಹೋಗಿ ಉಪ್ಪ ಕೇಳ್ತಿ?"

ಮುಂದಿನ ಚಳಿಗಾಲಗಳ ಕತೆ ಏನು ಹೇಳಲಿ! ಒಂದು ವರ್ಷ ಗಟ್ಟಿ ಮಾಡಿದ ಶನಿವಾರವೇ ಎಳ್ಳ ಅಮಾಸಿ ಬಂತು. ಮಸೂತಿ ಅನ್ನುವ ಹಳ್ಳಿಯಲ್ಲಿದ್ದ ನಮ್ಮ ಹೊಲಕ್ಕೆ ಹೋಗಿ ಬೆಳೆಗೆ ಚರಗ ಚೆಲ್ಲದೆ, ಅಂದರೆ ಭೂತಾಯಿಗೆ ಎಡೆ ಹಾಕದೆ, ಯಾವ ಮುಖ ಇಟ್ಟುಕೊಂಡು ಬಾಂಬೆಗೆ ಹೋಗುವುದು? ಮುಂದಿನ ವಾರ ಸಂಕ್ರಮಣ. ಅದರ ಮುಂದಿನ ವಾರ ಕಾಕಾನಿಗೆ ರಜೆ ಇಲ್ಲ. ಆಮೇಲೆ ಬಿಸಿಲು ಚುರುಗುಟ್ಟತೊಡಗಿತು, ಬಾಂಬೆ ಬೇಯತೊಡಗಿತು, ವಹಿ ಪೆಟ್ಟಿಗೆ ಸೇರಿತು. ಆ ವರ್ಷ ಕಾಕು ಐದನೆಯ ಮೆಟ್ಟಿಲಿಗೆ ಕೂತಳು. ನಿಲ್ಲಲಿಲ್ಲ, ಕೂತಳು.

ಒಮ್ಮೆ ಮಾತ್ರ ನಿಜವಾಗಿಯೂ ಹೊರಟೆವು. ನಂಬಿ! ಟಿಕೀಟು ತೆಗೆದಾಗಿತ್ತು, ಅರವತ್ತು ರೊಟ್ಟಿ ಬಡಿದಾಗಿತ್ತು. ನಮ್ಮೂರಿನ ಹೆಸರಿಟ್ಟುಕೊಂಡು ನಮ್ಮೂರಿನಿಂದ ದೂರ ಕೂತಿರುವ ಆ ರೈಲು ನಿಲ್ದಾಣಕ್ಕೆ ನಾಲ್ಕು ತಾಸು ಮೊದಲೇ ಹೋಗಿ ಕೂತೆವು. ಸೊಲ್ಲಾಪುರಕ್ಕೆ ಹೋಗಿ, ಅಲ್ಲಿ ಬಾಂಬೆ ಗಾಡಿ ಹಿಡಿಯುವುದು. ಕಾಕು ಹೊಸ ಚಪ್ಪಲಿ ಹಾಕಿದ್ದಳು. ಹೆಬ್ಬೆರಳು ಕಚ್ಚಿದರೂ ತೆಗೆಯಲಿಲ್ಲ.

ಗಾಡಿ ಬಂತು. ಬಾಗಿಲಲ್ಲಿ ನೂಕುನುಗ್ಗಲು. ಅದನ್ನು ನೋಡಿದ್ದೇ ತಡ, ಕಾಕಾನ ಮೈಯಲ್ಲಿ ಕಂಟ್ರೋಲರ್ ಹೊಕ್ಕ! "ಏ, ಸರೀರಿ! ಮದಲ ಇಳಿಯೋರಿಗೆ ಬಿಡ್ರಿ! ಆಯಿ, ಕೈ ಕೊಡ. ಏ ತಮ್ಮಾ, ಆ ಗಂಟ ಮ್ಯಾಲೆ ಇಡ!" ಒಬ್ಬ ಮುದುಕಿಯನ್ನು ಎತ್ತಿ ಕೂರಿಸಿದ. ಬಾಣಂತಿಗೆ ಕಿಟಕಿ ಪಕ್ಕ ಜಾಗ ಮಾಡಿಸಿದ. ಯಾರದೋ ಟ್ರಂಕು, ಯಾರದೋ ಕೋಳಿ ಬುಟ್ಟಿ. ನಾನು ಸೆರಗು ಹಿಡಿದು ಎಳೆಯುವ ಹಾಗೆ ಅಂಗಿ ಹಿಡಿದು ಎಳೆದೆ. ಕೇಳಿಸಿದರೆ ತಾನೆ! ಕೊನೆಗೆ ಪ್ಲಾಟ್‌ಫಾರಮ್ಮಿನಲ್ಲಿ ಒಬ್ಬರೂ ಉಳಿಯಲಿಲ್ಲ ಅಂತ ಎರಡೂ ಕಡೆ ನೋಡಿ, ಕೈ ಎತ್ತಿ, ಅಭಿಮಾನದಿಂದ ಕೂಗಿದ:

"ರೈಟ್! ಹೋಗ್ಲಿ!"

ಹೋಯಿತು.

ಪ್ಲಾಟ್‌ಫಾರಮ್ಮಿನಲ್ಲಿ ನಾವು ಮೂವರು, ಅರವತ್ತು ರೊಟ್ಟಿ, ಒಂದು ಹಗ್ಗ. ಕಾಕು ಗಾಡಿಯ ಬಾಲ ಮರೆಯಾಗುವ ತನಕ ನೋಡಿದಳು. "ಎಲ್ಲಾರನೂ ಹತ್ತಿಸಿದ್ರಿ. ಪುಣ್ಯಾ ಬಂತು. ನಡೀರಿ ಮನಿಗೆ," ಅಂದಳು. ನಾನು ನಕ್ಕೆ, ಅವಳೂ ನಕ್ಕಳು. ಆದರೆ ಮನೆ ಮುಟ್ಟಿದ ಮೇಲೆ ಹೊಸ ಚಪ್ಪಲಿ ಒರೆಸಿ, ಕಾಗದ ಸುತ್ತಿ, ಟ್ರಂಕಿನ ತಳದಲ್ಲಿಟ್ಟಳು. ಮತ್ತೆ ತೆಗೆಯಲಿಲ್ಲ. ಮೂರು ವಾರ ಆ ರೊಟ್ಟಿ ತಿಂದೆವು. ಒಂದೊಂದೂ ಮುರಿಯುವಾಗ ಸದ್ದು ಮಾಡುತ್ತಿತ್ತು.

ಆಮೇಲೆ ನನಗೆ ಇಂಡಿಯಲ್ಲಿ ಸಾಲಿ ಮಾಸ್ತರಿಕೆ ಸಿಕ್ಕಿತು. ಒಂದು ಚಳಿಗಾಲ ರಜೆಗೆ ಬಂದರೆ, ಕಾಕು ಮೆಟ್ಟಿಲಿನ ಕಡೆ ನೋಡುವುದನ್ನೇ ಬಿಟ್ಟಿದ್ದಳು. ಪಡಸಾಲೆಯಿಂದ ಅಡುಗೆ ಮನೆಗೆ ಬರಲು ಎರಡು ಸಲ ಗೋಡೆ ಹಿಡಿಯುತ್ತಿದ್ದಳು. ಕಾಲು ಬಾತಿದ್ದವು. ಬಿಜಾಪುರದ ಡಾಕ್ಟರು ದೂರದ ಪ್ರಯಾಣ ಪೂರ್ತಿ ಬೇಡ ಅಂದಿದ್ದರು. ಕಾಕಾನನ್ನು ಹೊರಗೆ ಕರೆದು, ಇನ್ನು ಎಷ್ಟು ದಿನ ಅನ್ನುವುದನ್ನೂ ಹೇಳಿದ್ದರು.

ಆವತ್ತು ಕಾಕಾ ಏನು ಮಾಡುತ್ತಿದ್ದ ಗೊತ್ತೇನು? ಮೂಲೆಯಲ್ಲಿ ಕೂತು ವಹಿ ಬರೆಯುತ್ತಿದ್ದ! ನನಗೆ ತಲೆ ಕೆಟ್ಟಿತು.

"ಕಾಕಾ, ನೀ ಪಟ್ಟಿ ಬರಕೋತನ ಕುಂತಿ. ಆಕಿ ದಿನಾ ಎಣಸಾಕತ್ತಾಳ. ಗಾಡಿ ತಪ್ಪಿಸಿದ್ದು ನೀನ!"

ಕಾಕಾ ವಹಿ ಮುಚ್ಚಿದ. ಟೊಪ್ಪಿಗೆ ಹಾಕಿಕೊಂಡು ಡ್ಯೂಟಿಗೆ ಹೋದ.

ಮರುದಿನದಿಂದ ಹೊಸ ಹುಚ್ಚು. ದಿನಾ ನಸುಕಿನಲ್ಲೇ ಮೊದಲ ಬಸ್ಸಿಗೆ ಎಲ್ಲಿಗೋ ಹೋಗುವುದು, ಹತ್ತಕ್ಕೆ ತಿರುಗಿ ಬರುವುದು. ಚಪ್ಪಲಿಯೆಲ್ಲ ಕೆಸರು. ಕೇಳಿದರೆ ಗಡಿಯಾರ ನೋಡಿ ಒಳಗೆ ಹೋಗುತ್ತಿದ್ದ. ಇಂಥ ಹೊತ್ತಿನಲ್ಲಿ ಹೆಂಡತಿಯನ್ನು ಬಿಟ್ಟು ಓಡಾಡುತ್ತಾನಲ್ಲ ಅಂತ ನಾನು ಉರಿದೆ.

"ಬೈಬ್ಯಾಡ," ಅಂದಳು ಕಾಕು. "ಗಂಡಸರಿಗೆ ಅಳಾಕ ಒಂದ ಜಾಗಾ ಬೇಕಲ್ಲ, ಹೋಗಿ ಬರ್ಲಿ."

ಆ ಭಾನುವಾರ ಬೆಳಗಿನ ಜಾವ ಪಡಸಾಲೆಯಿಂದ ಮೈಕಿನ ದನಿ ಬಂತು: "ಬಾಂಬೇ ಕಡೆ ಹೋಗುವಂಥಾ ಪ್ರಯಾಣಿಕರು ತಯಾರಾಗಬೇಕು!" ಬಾಗಿಲಲ್ಲಿ ಬಾಡಿಗೆ ಜೀಪು. ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಕಟ್ಟಿತ್ತು. ಕಾಕು ನನ್ನ ಮುಖ ನೋಡಿದಳು. ನಾನು ಕೌದಿ ಹೊದಿಸಿ, ಟ್ರಂಕಿನಿಂದ ಆ ಚಪ್ಪಲಿ ತೆಗೆದೆ. ಬಾತ ಕಾಲಿಗೆ ಹಿಡಿಯಲಿಲ್ಲ. ಮಡಿಲಲ್ಲಿ ಇಟ್ಟುಕೊಂಡಳು.

ತಾಸು ಹೊತ್ತು ನಿಧಾನಕ್ಕೆ ಹೋದೆವು. ಆಲಮಟ್ಟಿ ಡ್ಯಾಮಿಗೆ ಗೇಟು ಕೂರಿಸಿದ ಮೇಲೆ ಕೃಷ್ಣೆ ಉಬ್ಬಿ ಹೊಲ, ಹಳ್ಳಿ ಎಲ್ಲ ನುಂಗಿ ನಿಂತಿದ್ದಳಲ್ಲ, ಆ ಹಿನ್ನೀರಿನ ದಂಡೆಗೆ ಜೀಪು ನಿಂತಿತು. ಕಾಕಾ ಕುರ್ಚಿ ಇಳಿಸಿ, ನೀರಿನ ಅಂಚಿಗೆ ಇಟ್ಟು, ಕಾಕುವನ್ನು ಎತ್ತಿ ತಂದು ಕೂರಿಸಿದ. ಆಮೇಲೆ ಎರಡೂ ಕೈ ಬಾಯಿಗೆ ಹಿಡಿದು, ನಮಗಷ್ಟೇ ಕೇಳಿಸುವಷ್ಟು ಮೆಲ್ಲಗೆ ಕೂಗಿದ:

"ಬಾಂಬೇ... ಬಾಂಬೇ ಬಂತು. ಇಳಿಯೋರು ಇಳೀರಿ. ನಿಧಾನ, ನಿಧಾನ."

ಎದುರಿಗೆ ನೀರು, ನೀರಿನ ಮೇಲೆ ದಟ್ಟ ಮಂಜು. ಸ್ವಲ್ಪ ದೂರದಲ್ಲಿ ಮುಳುಗಿದ ಬೇವಿನ ಮರವೊಂದರ ಒಣ ತುದಿ. ಅದರಾಚೆ ಏನೂ ಇಲ್ಲ. ಎಲ್ಲಿ ನೀರು ಮುಗಿಯಿತು, ಎಲ್ಲಿ ಆಕಾಶ ಶುರುವಾಯಿತು, ಗೊತ್ತಾಗಲಿಲ್ಲ.

ಕಾಕು ಬಹಳ ಹೊತ್ತು ನೋಡಿದಳು. "ಆ ಗಿಡದ ಕೆಳಗ ಯಾರ ಮನಿ ಇತ್ತೋ, ಪಾಪ," ಅಂದಳು. ಮತ್ತೆ ಸ್ವಲ್ಪ ಹೊತ್ತಿಗೆ: "ಖರೇನರಿ. ಆಚಿ ದಂಡಿ ಕಾಣವಲ್ದು."

"ಕಾಣಂಗಿಲ್ಲ," ಅಂದ ಕಾಕಾ, ಗಡಿಯಾರ ನೋಡಿ. "ಎಂಟರ ಮಟಾ ಕಾಣಂಗಿಲ್ಲ."

ಕುರ್ಚಿಯ ಕಾಲಿನ ಬಳಿ ವಹಿ ಬಿದ್ದಿತ್ತು. ತೆರೆದು ನೋಡಿದೆ. ಸೋಮವಾರ, ಮಂಜು ಹರಿದು ಆಚೆ ದಂಡೆ ಕಂಡದ್ದು ಎಂಟು ಇಪ್ಪತ್ತು. ಮಂಗಳವಾರ, ಎಂಟು ಐದು. ಬುಧವಾರ, ಎಂಟು ಇಪ್ಪತ್ತೈದು, ಬಹಳ ದಟ್ಟ. ಹೀಗೇ ಶನಿವಾರದವರೆಗೆ. ಆ ಚಪ್ಪಲಿಯ ಕೆಸರು ಎಲ್ಲಿಯದು ಅಂತ ಆಗ ತಿಳಿಯಿತು. ನನ್ನ ನಾಲಿಗೆ ಕತ್ತರಿಸಿ ಆ ನೀರಿಗೆ ಎಸೆಯಬೇಕು ಅನಿಸಿತು.

ಕಾಕು ಬಾಗಿ ಬೊಗಸೆ ನೀರು ತೆಗೆದಳು. ಕಣ್ಣಲ್ಲಿ ಹಳೆಯ ತುಂಟತನ. "ಸಮುದ್ರದ ನೀರ ಉಪ್ಪ ಇರತಾವಂತಲ್ರಿ?"

ಕಾಕಾ ಅಂಗಿಯ ಕಿಸೆಗೆ ಕೈ ಹಾಕಿದ. ಒಂದು ಸಣ್ಣ ಕಾಗದದ ಪುಡಿಕೆ. ಬಿಚ್ಚಿ, ಒಂದು ಚಿಟಿಕೆ ಅವಳ ಬೊಗಸೆಗೆ ಹಾಕಿದ. ಕಾಕು ನಾಲಿಗೆಗೆ ಮುಟ್ಟಿಸಿಕೊಂಡು ಮುಖ ಕಿವಿಚಿದಳು. "ಥೂ! ಭಾಳ ಉಪ್ಪರಿ!" ಅಂತ ನಕ್ಕಳು. ದಮ್ಮು ಹತ್ತುವ ತನಕ ನಕ್ಕಳು.

ಎಂಟಕ್ಕೆ ಸರಿಯಾಗಿ ಕಾಕಾ "ರೈಟ್" ಅಂದ. ಅವಳನ್ನು ಎತ್ತಿಕೊಂಡು ನೀರಿಗೆ ಬೆನ್ನು ಮಾಡಿ ಜೀಪಿನ ಕಡೆ ನಡೆದ. ಹಿಂದೆ ಮಂಜು ಹರಿಯತೊಡಗಿತ್ತು. ಆಚೆ ದಂಡೆ, ಅಲ್ಲಿಯ ಜಾಲಿ ಕಂಟಿ, ಒಂದು ಎಮ್ಮೆ, ಎಲ್ಲ ನನಗೆ ಕಂಡವು. ಜೀಪಿನಲ್ಲಿ ಕಾಕು ನನ್ನ ಕಿವಿಯಲ್ಲಿ ಅಂದಳು: "ನಾ ತಿರಗಿ ನೋಡ್ಲಿಲ್ಲ, ನೋಡ. ನೋಡಿದ್ರ ಅವರ ಟಾಯಿಮ್ ಟೇಬಲ್ ಕೆಡತಿತ್ತು."

ಯುಗಾದಿಗೆ ಕಾಕು ಇರಲಿಲ್ಲ.

ಒಂದೆರಡು ವರ್ಷ ಬಿಟ್ಟು, ಕಾಕಾ ನಿವೃತ್ತನಾದ ಚಳಿಗಾಲ, ನಾನೇ ಹೇಳಿದೆ: "ಕಾಕಾ, ನಡಿ, ಈ ಶನಿವಾರ ಬಾಂಬೆಗೆ ಹೋಗಿ ಬರೂಣು. ನಾ ಕರಕೊಂಡ ಹೋಗ್ತೇನಿ. ಪಟ್ಟಿ ಬ್ಯಾಡ, ಹಗ್ಗ ಬ್ಯಾಡ."

ಕಾಕಾ ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದ.

"ಮತ್ತ್ಯಾಕ? ಹೋಗಿ ಬಂದೇವಲ್ಲ, ಇಬ್ಬರೂ," ಅಂದ. "ನೀರು ಭಾಳ ಉಪ್ಪ."