ಜಿಂಕೆಗೆ ಬಿತ್ತಿದ ಅವರೆ

ಹೆಂಡತಿ ಕೊನೆಗೆ ನನಗೆ ಹೇಳಿದ್ದು ಇಷ್ಟು: "ಈ ಸಲ ಬೀಜ ಜಾಸ್ತಿ ತನ್ನಿ. ಹೋದ ಸಲದ ಥರ ಜಿಪುಣತನ ಮಾಡಬೇಡಿ." ಆಸ್ಪತ್ರೆ ಮಂಚದ ಮೇಲೆ ಹೇಳಿದಳು. ಆಮೇಲೆ ಮಲಗಿದಳು. ಏಳಲಿಲ್ಲ.

ಬೀಜ ಜಿಂಕೆಗೆ. ನಾನು ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸ್‌ನ ಒಂದು ಹೋಟೆಲಲ್ಲಿ ಇಪ್ಪತ್ತಾರು ವರ್ಷ ದೋಸೆ ಹುಯ್ದವನು. ಓದಿದ್ದು ಐದನೇ ಕ್ಲಾಸು. ಮಗಳ ಮನೆ ಪಕ್ಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಅಲ್ಲಿ ಜಿಂಕೆ ಬಂದು ಗುಲಾಬಿ ತಿನ್ನುತ್ತವೆ. ಮಗಳು ಓಡಿಸುತ್ತಾಳೆ. ನನ್ನ ಹೆಂಡತಿಗೆ ಅದು ನೋಡಲಾಗುತ್ತಿರಲಿಲ್ಲ. "ಯಾರೂ ಓಡಿಸದೇ ಇರೋ ಒಂದು ಜಾಗ ಮಾಡೋಣ ರೀ" ಅಂದಳು. ಕೆಲಸ ಬಿಟ್ಟ ಮೇಲೆ ನ್ಯೂಜೆರ್ಸಿಯ ಉತ್ತರಕ್ಕೆ, ಗುಡ್ಡದ ಕಡೆ, ನಾಲ್ಕು ಎಕರೆ ತಗೊಂಡೆವು. ಜೊತೆಗೆ ಒಂದು ಹಳೇ ಮನೆ. ಮೊದಲ ವರ್ಷ ಬಿತ್ತಿದ್ದು ಹುಟ್ಟಲಿಲ್ಲ. ಒಂದು ಜಿಂಕೆಯೂ ಬರಲಿಲ್ಲ. ಅವಳು ನೋಡದೇ ಹೋದಳು.

ಒಂದಾದರೂ ಬರಲೇಬೇಕು ಅಂತ ನನಗೆ ಹಟ ಬಂತು. ಹಟ ಹಿಡಿದವನು ಫಜೀತಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಗೇಟು ತೆಗೆದುಕೊಂಡು ಬರುತ್ತೆ.

೧. ಮೂಟೆ

ಬೀಜದ ಅಂಗಡಿಯಾಕೆಗೆ ಹೇಳಿದೆ, "ಜಿಂಕೆ ಬರಬೇಕು. ಏನು ಬಿತ್ತಲಿ?"

ಆಕೆ ಒಂದು ಮೂಟೆ ತಟ್ಟಿ ತೋರಿಸಿದಳು. "ಲ್ಯಾಬ್‌ಲ್ಯಾಬ್. ಬಹಳ ದೂರದ ದೇಶದ ಗಿಡ. ಜಿಂಕೆಗಳು ಇದಕ್ಕೆ ಪ್ರಾಣ ಬಿಡುತ್ತವೆ."

ನಾಲ್ಕು ಮೂಟೆ ತಂದೆ. ಮನೆಗೆ ಬಂದು ಒಂದರ ಬಾಯಿ ಬಿಚ್ಚಿದೆ. ಅವರೆಕಾಳು. ಅದೇ ಬಿಳಿ ಮೂಗು. ಮಗಳಿಗೆ ಫೋನ್ ಮಾಡಿದೆ.

"ಆರ್ ಯು ಶೂರ್, ಅಪ್ಪ?"

"ಹುಟ್ಟಿದಾಗಿನಿಂದ ತಿಂದಿದ್ದೀನಿ ಕಣಮ್ಮ."

"ಸೋ, ಆಲ್ ದೀಸ್ ಇಯರ್ಸ್ ಅಮ್ಮ ನಮಗೆ ಜಿಂಕೆ ಫುಡ್ ಹಾಕ್ತಿದ್ಲಾ?"

೨. ಪಕ್ಕದ ಜಮೀನಿನವನು

ಪಕ್ಕದ ಜಮೀನು ಒಬ್ಬ ಬಿಳಿ ಮುದುಕನದು. ಬೇಟೆಗಾರ. ಟ್ರ್ಯಾಕ್ಟರ್ ತಂದು ನನ್ನ ನೆಲ ಉತ್ತು ಕೊಟ್ಟ. ಆಮೇಲೆ ಕೇಳಿದ, "ನೀನು ಹೊಡೆಯೋದು ಬಿಲ್ಲಲ್ಲೋ, ಬಂದೂಕಲ್ಲೋ?"

"ಎರಡೂ ಇಲ್ಲ. ಬರೀ ನೋಡೋದು."

"ನೋಡೋದಕ್ಕೆ ನಾಲ್ಕು ಎಕರೆಯಾ? ಝೂಗೆ ಹೋಗಯ್ಯ."

ಬಿತ್ತುವ ದಿನ ನಾನು ಹೊಲದ ಮೂಲೆಯಲ್ಲಿ ಅರಿಶಿನದ ಗಣಪತಿ ಇಟ್ಟು, ಊದುಬತ್ತಿ ಒಂದು ಕಟ್ಟು ಹಚ್ಚಿ, ಕರ್ಪೂರ ಬೆಳಗಿ, ಕಾಯಿ ಒಡೆದೆ. ಮುದುಕ ಬೇಲಿ ಹತ್ತಿರ ಬಂದು ಮೂಗು ಎಳೆದ.

"ಜಿಂಕೆ ಮೂಗು ಬಲು ಚುರುಕು. ಈ ವಾಸನೆಗೆ ಒಂದು ತಿಂಗಳು ಇತ್ತ ಸುಳಿಯಲ್ಲ. ಇದೆಲ್ಲ ಯಾಕೆ?"

"ವಿಘ್ನ ಬರಬಾರದು ಅಂತ."

"ವಿಘ್ನಾನ ನೀನೇ ಬೆಂಕಿ ಹಚ್ಚಿ ಇಲ್ಲಿ ಕೂರಿಸಿದ್ದೀಯಲ್ಲ."

ಹೋಗುವಾಗ ಅರ್ಧ ಕಾಯಿ ಕೇಳಿ ಇಸಕೊಂಡು ಹೋದ.

೩. ಕ್ಯಾಮೆರಾ

ಮಗಳು ಬಂದು ಮರಕ್ಕೆ ಒಂದು ಕ್ಯಾಮೆರಾ ಕಟ್ಟಿದಳು. ಮುಂದೆ ಏನು ಅಲ್ಲಾಡಿದರೂ ಫೋಟೋ ತೆಗೆದು ಅವಳ ಫೋನಿಗೆ ಕಳಿಸುತ್ತೆ. ಒಂದು ವಾರಕ್ಕೆ ಫೋನ್ ಬಂತು.

"ಅಪ್ಪ, ಟೂ ಹಂಡ್ರೆಡ್ ಫೋಟೋಸ್!"

"ಜಿಂಕೆಯಾ?"

"ನೀನು."

ನಾನು ಬಗ್ಗಿದ್ದು. ನಾನು ನಿಂತಿದ್ದು. ಪಂಚೆ ಎತ್ತಿ ಕಟ್ಟಿದ್ದು. ಬಂದಿದೆಯಾ ಅಂತ ಗಂಟೆಗೊಂದು ಸಲ ಹೋಗಿ ನೋಡುತ್ತಿದ್ದೆ. ನಾನು ಅಲ್ಲೇ ಇದ್ದರೆ ಅದು ಹೇಗೆ ಬಂದೀತು? ಅದು ಹೊಳೆದಿರಲಿಲ್ಲ.

ಮಗಳು ಕೇಳಿದಳು, "ಒಂದರಲ್ಲಿ ಕೈ ಆಡಿಸಿಕೊಂಡು ಮಾತಾಡ್ತಿದ್ದೀಯ. ಹೂ ಈಸ್ ದೇರ್?"

"ಯಾರೂ ಇಲ್ಲ. ನಿಮ್ಮಮ್ಮನಿಗೆ ಹೇಳ್ತಿದ್ದೆ, ಗಿಡ ಎಷ್ಟು ಎತ್ತರ ಬಂದಿದೆ ಅಂತ."

ಆ ಕಡೆ ಮೂಗೊರೆಸಿಕೊಂಡ ಸದ್ದು. ಆಮೇಲೆ ಅಂದಳು, "ಇಟ್ಸ್ ಓಕೆ ಅಪ್ಪ. ಇದರಲ್ಲಿ ಸೌಂಡ್ ಬರಲ್ಲ. ಅಮ್ಮನ ಕೈಲಿ ಎಷ್ಟು ಬೇಕಾದ್ರೂ ಬೈಸ್ಕೋ."

೪. ಭಾನುವಾರ

ಸೆಪ್ಟೆಂಬರ್ ಕೊನೆಗೆ ಅವರೆ ತುಂಬಾ ಕಾಯಿ ಬಿಟ್ಟಿತು. ಮುಟ್ಟಿದರೆ ಕೈಗೆ ಸೊಗಡು. ಒಂದೇ ಒಂದು ತಪ್ಪು ಮಾಡಿದೆ. ಹಳೇ ಹೋಟೆಲಿನ ಕ್ಯಾಶಿಯರ್‌ಗೆ ಫೋನಲ್ಲಿ ಹೇಳಿಬಿಟ್ಟೆ. ಅವನು ಈಗ ಇರೋದು ಎಡಿಸನ್‌ನಲ್ಲಿ. ಅಲ್ಲಿ ಎಲ್ಲಿ ನೋಡಿದರೂ ನಮ್ಮವರೇ.

ಭಾನುವಾರ ಬೆಳಿಗ್ಗೆ ಒಂಬತ್ತು ಕಾರು ಬಂದವು. ಎಲ್ಲ ಮೈಸೂರು, ಮಂಡ್ಯ, ಕೋಲಾರದ ಕಡೆಯವರು. ಎಲ್ಲರ ಕೈಯಲ್ಲೂ ಚೀಲ.

"ಅಂಕಲ್, ಫ್ರೋಜನ್ ತಿಂದೂ ತಿಂದೂ ನಾಲಿಗೆ ಸತ್ತೋಗಿದೆ" ಅಂದಳು ಒಬ್ಬಳು.

"ಅಮ್ಮ, ಇದು ಜಿಂಕೆಗೆ ಹಾಕಿದ್ದು."

"ಜಿಂಕೆಗೆ ಹಿತಕಿದ ಬೇಳೆ ಸಾರು ಮಾಡೋಕೆ ಬರುತ್ತಾ ಅಂಕಲ್?"

ಮಧ್ಯಾಹ್ನದ ಹೊತ್ತಿಗೆ ಹೊಲದಲ್ಲಿ ಒಂದು ಕಾಯಿಯೂ ಉಳಿದಿರಲಿಲ್ಲ. ಅರ್ಧ ಗಿಡ ತುಳಿದು ಹಾಕಿದ್ದರು. ಹೊಟ್ಟೆ ಉರಿಯಿತು. ಆದರೆ ಸುಲಿಯಲು ಜಗಲಿ ಮೇಲೆ ಸುತ್ತ ಕೂತರು ನೋಡಿ, ಗಲಾಟೆ, ನಗು, ಒಬ್ಬರಿಗೊಬ್ಬರು ರೇಗಿಸೋದು. ಆ ಮನೆಯಲ್ಲಿ ಅಷ್ಟು ಸದ್ದು ಆಗಿ ತಿಂಗಳುಗಳಾಗಿತ್ತು. ನಾನೇ ಹೋಗಿ ದೊಡ್ಡ ಪಾತ್ರೆ ಒಲೆಗಿಟ್ಟೆ. ಇಪ್ಪತ್ತೈದು ಜನಕ್ಕೆ ಸಾರು ಮಾಡಿದೆ. ನಿಜ ಹೇಳಬೇಕು, ನಾನೂ ಮೂರು ಸಲ ಹಾಕಿಸಿಕೊಂಡೆ.

ಸಂಜೆ ಸಿಪ್ಪೆಯನ್ನೆಲ್ಲ ಹೊಲದ ಅಂಚಿಗೆ ಗುಡ್ಡೆ ಸುರಿದು ಹೊರಟರು. ಮುದುಕ ಬಂದು ಬೋಳು ಹೊಲ ನೋಡಿದ. ತಲೆ ಅಲ್ಲಾಡಿಸಿದ.

"ಇಷ್ಟು ಜನರ ವಾಸನೆ. ಈ ವರ್ಷ ಜಿಂಕೆ ಆಸೆ ಬಿಟ್ಟುಬಿಡು."

ಹೇಳಿ, ಎರಡು ಬಟ್ಟಲು ಸಾರು ಕುಡಿದು ಹೋದ. ನಾನು ಪಾತ್ರೆ ತೊಳೆದು ಮಲಗಿದೆ. ಮುಗೀತು ಅಂದುಕೊಂಡೆ.

ಮಾರನೇ ಬೆಳಿಗ್ಗೆ ಹಿಂದಿನ ಮೆಟ್ಟಿಲ ಮೇಲೆ ನಿಂತು ಹಲ್ಲುಜ್ಜುತ್ತಿದ್ದೆ. ಬಾಯಿ ತುಂಬಾ ನೊರೆ. ತಲೆ ಎತ್ತಿದೆ. ಸಿಪ್ಪೆ ಗುಡ್ಡೆ ಹತ್ತಿರ ಒಂದು ತಾಯಿ ಜಿಂಕೆ, ಎರಡು ಮರಿ. ಮರಿಗಳ ಮೈಮೇಲೆ ಚುಕ್ಕೆ ಇನ್ನೂ ಪೂರ್ತಿ ಅಳಿಸಿರಲಿಲ್ಲ. ಕರಕರ ಅಂತ ತಿನ್ನುತ್ತಿದ್ದವು. ತಾಯಿ ಕಿವಿ ನಿಮಿರಿಸಿ ನನ್ನನ್ನೇ ನೋಡಿತು. ನಾನೂ ನೋಡಿದೆ.

ಉಗಿದರೆ ಓಡಿಹೋಗುತ್ತವೆ.

ಪೇಸ್ಟು ಅಷ್ಟೂ ನುಂಗಿಬಿಟ್ಟೆ.