ಜೇಡ ಅವರದ್ದು, ಹುಳ ನನ್ನದು

ಮನೆಯಲ್ಲಿ ಹುಳ ಸಾಕಿ ನೋಡಿ, ವಾರಕ್ಕೆ ಒಬ್ಬರಾದರೂ ಬಂದು ನಿಮಗೆ ಸಿಟ್ಟು ಬರಿಸದೆ ಹೋಗುವುದಿಲ್ಲ. ಶಾಲೆಯಲ್ಲಿ ಟೀಚರಾಗಿದ್ದುಕೊಂಡು ನಾನು ಏಳು ವರ್ಷ ಸಾಕಿದವಳು. ಟೀಚರಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಸುಳ್ಯದಲ್ಲಿ ಈಗಲೂ ಹೇಳುವವರಿದ್ದಾರೆ. ಇರಬಹುದು. ಆದರೆ ಅದನ್ನು ಅಲ್ಲಿ ತಂದು ಇಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲ.

ಶುರುವಾದದ್ದು ನನ್ನ ಗಂಡನಿಂದ. ಅವರು ರಬ್ಬರ್ ತೋಟದಲ್ಲಿ ಸೂಪರ್‌ವೈಸರ್. ಎಪ್ಪತ್ತರ ದಶಕದ ಕೊನೆಗೆ ಒಮ್ಮೆ ಕೊಲ್ಲಮೊಗ್ರು ಕಡೆ ಕಾಡಂಚಿಗೆ ಹೋಗಿದ್ದಾಗ, ಬಿದ್ದ ಮರದ ಪೊಟರೆಯಲ್ಲಿ ಅಂಗೈಯಷ್ಟು ಅಗಲದ, ಮೈತುಂಬ ರೋಮ ಇರುವ ಜೇಡ ಸಿಕ್ಕಿತು. ಕೆಲಸದವರು ಹೊಡೆಯಲು ಹೊರಟದ್ದನ್ನು ತಡೆದು, ಬುತ್ತಿಯ ಡಬ್ಬಿಯಲ್ಲಿ ಹಾಕಿ ಮನೆಗೆ ತಂದರು. ಮರುದಿನ ಬೆಳಿಗ್ಗೆ ಅದೇ ಡಬ್ಬಿ ಕೊಟ್ಟು ಬುತ್ತಿ ಕೇಳಿದರು. ನನ್ನ ಸಿಟ್ಟು ಹುಟ್ಟಿದ ದಿನ ಅದು.

ಪುತ್ತೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಇವರ ಸ್ನೇಹಿತರೊಬ್ಬರಿದ್ದರು. ಹೊರದೇಶದಲ್ಲಿ ಇಂಥ ಜೇಡಗಳನ್ನು ನಾಯಿ ಬೆಕ್ಕಿನ ಹಾಗೆ ಸಾಕುತ್ತಾರೆ ಎಂದು ಅವರು ಹೇಳಿ ಇವರ ತಲೆ ಕೆಡಿಸಿದರು. ಆರು ತಿಂಗಳಲ್ಲಿ ಇನ್ನೊಂದು ಜೇಡ ಬಂತು. ಮೊದಮೊದಲು ಇವರೇ ಮಿಡತೆ ಹಿಡಿದು ಹಾಕುತ್ತಿದ್ದರು. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮಿಡತೆ ಆಗುವುದಿಲ್ಲವಲ್ಲ, ಎರಡೇ ದಿನಕ್ಕೆ ಶೀತ ಹಿಡಿದು ಮಲಗಿದರು. ಆಗ ಆ ಲೆಕ್ಚರರು ಕಡ್ಡಿಪೆಟ್ಟಿಗೆಯಲ್ಲಿ ಇಪ್ಪತ್ತು ಹಿಟ್ಟಿನ ಹುಳ ತಂದು ಕೊಟ್ಟರು. ಹಳದಿ ಬಣ್ಣದ, ನುಣುಪು ಮೈಯ ಹುಳ. ಗೋಧಿ ತವುಡಿನಲ್ಲಿ ಬಿಟ್ಟರೆ ಅಲ್ಲೇ ತಿಂದು, ಅಲ್ಲೇ ಕೋಶವಾಗಿ, ಕಪ್ಪು ದುಂಬಿಯಾಗಿ, ಮೊಟ್ಟೆ ಇಟ್ಟು ಸಂಸಾರ ಬೆಳೆಸುತ್ತದೆ. ನೀರು ಇಡಬಾರದು, ತವುಡು ಬೂಸ್ಟು ಹಿಡಿಯುತ್ತದೆ. ಬದಲಿಗೆ ಒಂದು ತುಂಡು ಬಟಾಟೆಯೋ ಕ್ಯಾರೆಟ್ಟೋ ಇಟ್ಟು, ಬಾಡುವ ಮೊದಲು ತೆಗೆಯಬೇಕು. ಹುಳದ ಹೊಟ್ಟೆಗೆ ಹೋದದ್ದೇ ಕೊನೆಗೆ ಜೇಡದ ಹೊಟ್ಟೆಗೆ ಹೋಗುವುದು, ಹಾಗಾಗಿ ಹುಳವನ್ನು ಚೆನ್ನಾಗಿ ಸಾಕಬೇಕು ಎಂದು ಲೆಕ್ಚರರು ಇವರಿಗೆ ಹೇಳಿದರು. ಇವರು ನನಗೆ ಹೇಳಿದರು. ಜೇಡ ವಾರಕ್ಕೊಮ್ಮೆ ತಿಂದು ಕಲ್ಲಿನ ಹಾಗೆ ಕೂರುತ್ತದೆ. ಹುಳಕ್ಕೆ ದಿನಾ ಚಾಕರಿ ಉಂಟು. ಹೀಗೆ ಜೇಡ ಅವರದ್ದಾಯಿತು, ಹುಳ ನನ್ನದಾಯಿತು.

೧. ತವುಡು

ಪೇಟೆಯ ಹಿಟ್ಟಿನ ಗಿರಣಿಗೆ ಹೋಗಿ ಗೋಧಿ ತವುಡು ಕೇಳಿದೆ. ಗಿರಣಿಯವನು ಎಷ್ಟು ದನ ಎಂದು ಕೇಳಿದ. ದನ ಇಲ್ಲ ಎಂದೆ. ಎಮ್ಮೆಯಾ ಎಂದ. ಎಮ್ಮೆಯೂ ಇಲ್ಲ ಎಂದೆ. ಹಾಗಾದರೆ ತವುಡು ಯಾಕೆ ಎಂದು ಅವನು ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಪಾಪ ಎನ್ನುವ ಮುಖ ಮಾಡಿ ಕಟ್ಟಿ ಕೊಟ್ಟ.

ಒಂದು ತಿಂಗಳಲ್ಲಿ ನನಗೆ ಸಕ್ಕರೆ ಕಾಯಿಲೆ ಎಂದು ಪೇಟೆಯಿಡೀ ಸುದ್ದಿ. ಅನ್ನ ಬಿಟ್ಟು ಬರೀ ತವುಡು ತಿನ್ನುತ್ತೇನಂತೆ. ಬಸ್‌ಸ್ಟಾಂಡಿನಲ್ಲಿ ಪರಿಚಯದವರು ನನ್ನ ಕೈ ಹಿಡಿದು, ಧೈರ್ಯ ಬಿಡಬೇಡಿ ಎಂದರು. ಮದುವೆ ಮನೆಯಲ್ಲಿ ಪಾಯಸದವನು ನನ್ನ ಎಲೆಯನ್ನು ಹಾರಿಸಿ ಮುಂದೆ ಹೋದ. ಅವತ್ತಿನದು ಕಡಲೆಬೇಳೆ ಪಾಯಸ. ನನಗೆ ಎಷ್ಟು ಸಿಟ್ಟು ಬಂದಿರಬೇಕು ನೀವೇ ಊಹಿಸಿ.

ನೇರ ಗಿರಣಿಗೆ ಹೋದೆ. ತವುಡು ನನಗಲ್ಲ, ಹುಳಕ್ಕೆ, ಹುಳ ಜೇಡಕ್ಕೆ, ಜೇಡ ನನ್ನ ಗಂಡನದ್ದು ಎಂದು ಒಂದೊಂದಾಗಿ ಬಿಡಿಸಿ ಹೇಳಿದೆ. ಅವನು ಗಿರಣಿ ನಿಲ್ಲಿಸಿ, ಪೂರ್ತಿ ಕೇಳಿಸಿಕೊಂಡು, ತುಂಬಾ ಮೃದುವಾಗಿ ಹೇಳಿದ:

"ಹೇಳ್ಲಿಕ್ಕೆ ಮನಸ್ಸಿಲ್ಲದಿದ್ರೆ ಬೇಡ ಟೀಚರೇ. ಕಾಯಿಲೆ ಯಾರಿಗೆ ಬರುದಿಲ್ಲ? ಅದಕ್ಕೆ ಹುಳದ ಕಥೆ ಎಲ್ಲ ಎಂತಕ್ಕೆ?"

೨. ಅತ್ತೆಯ ಚೊಕ್ಕಟ

ಅತ್ತೆ ಪುತ್ತೂರಿನಿಂದ ಬಂದರೆ ಮೊದಲು ನೋಡುವುದು ನಮ್ಮನ್ನಲ್ಲ, ಅಡುಗೆಮನೆಯ ಡಬ್ಬಿಗಳ ತಳವನ್ನು. ಆ ಸಲ ಬಂದದ್ದು ನಾನು ಶಾಲೆಗೆ ಹೋಗಿದ್ದ ದಿನ. ಮೂಲೆಯ ಮರದ ಪೆಟ್ಟಿಗೆ ತೆರೆದರೆ ತವುಡಿನಲ್ಲಿ ನೂರಾರು ಹುಳ. ಅವರಿಗೆ ಅದು ಹಬ್ಬ.

ಸಂಜೆ ನಾನು ಮನೆಗೆ ಬಂದಾಗ ಕೆಲಸ ಎಲ್ಲ ಮುಗಿದಿತ್ತು. ಜರಡಿ ಹಿಡಿದು ಹುಳಗಳನ್ನೆಲ್ಲ ಬೇರೆ ಮಾಡಿ ಪಕ್ಕದ ಮನೆಯ ಕೋಳಿಗಳಿಗೆ ಸುರಿದಿದ್ದರು. ಮೂರು ತಿಂಗಳು ಬಟಾಟೆ ಹೆಚ್ಚಿ ಹೆಚ್ಚಿ ಹಾಕಿ ಬೆಳೆಸಿದ ಹುಳ. ಬೇಲಿಯ ಆಚೆ ಕೋಳಿಗಳು ಹೊಟ್ಟೆ ಭಾರವಾಗಿ ಕೂತಲ್ಲೇ ತೂಕಡಿಸುತ್ತಿದ್ದವು. ನೌಕರಿ ಮಾಡುವ ಹೆಂಗಸರ ಮನೆ ಹೀಗೆಯೇ, ತಿನ್ನುವ ವಸ್ತುವಿಗೆ ಹುಳ ಹಿಡಿದರೂ ಗೊತ್ತಾಗುವುದಿಲ್ಲ ಎಂದು ಅತ್ತೆ ಅತ್ತಿತ್ತಲಿನ ನಾಲ್ಕು ಮನೆಗಳಿಗೆ ಆಗಲೇ ಹೇಳಿ ಬಂದಾಗಿತ್ತು.

ನಾನು ಬಾಯಿ ತೆರೆಯುವ ಮೊದಲು ಅತ್ತೆ ಮಣೆ ಎಳೆದು ಕೂತರು. ಜರಡಿ ಹಿಡಿದ ತವುಡನ್ನು ವ್ಯರ್ಥ ಮಾಡಬಾರದಲ್ಲ, ಬೆಲ್ಲ ಕಾಯಿತುರಿ ಹಾಕಿ ರೊಟ್ಟಿ ತಟ್ಟಿದ್ದರು. ನನಗೂ ಒಂದು ಇಟ್ಟರು. ನನಗೆ ಹಸಿವಿಲ್ಲ ಎಂದೆ. ಒಳ್ಳೆ ನಯವಾಗಿ ಬಂದಿದೆ, ಇಷ್ಟು ಸಣ್ಣ ಹುಡಿ ನಮ್ಮ ಪುತ್ತೂರಿನ ಗಿರಣಿಯಲ್ಲಿ ಸಿಗುವುದಿಲ್ಲ ಎನ್ನುತ್ತಾ ಅವರು ಒಂದು ತಿಂದರು, ಎರಡನೆಯದನ್ನೂ ತಿಂದರು. ನಾನು ಎದುರು ಕೂತು ಅದು ಮುಗಿಯುವವರೆಗೆ ಕಾದೆ. ಸಿಟ್ಟು ಬಂದಾಗ ನನಗೆ ತಾಳ್ಮೆ ಹೆಚ್ಚು. ಆಮೇಲೆ ಹೇಳಿದೆ:

"ಅತ್ತೆ, ಅಷ್ಟು ನಯ ಇರುವುದು ತವುಡಲ್ಲ. ಅದು ಹುಳ ತಿಂದು ಬಿಟ್ಟದ್ದು."

೩. ಪೇಪರಿನಲ್ಲಿ ಬಂದದ್ದು

ಅತ್ತೆಯ ಕಣ್ಣಿಗೆ ಬೀಳದೆ ಒಂದು ಡಬ್ಬಿ ದುಂಬಿ ಉಳಿದಿತ್ತು. ಅದರಿಂದ ಪುನಃ ಸಂಸಾರ ಎಬ್ಬಿಸಿದೆ. ವರ್ಷವೊಂದು ಕಳೆಯುವಾಗ ಜೇಡ ನೋಡಲು ಜನ ಬರತೊಡಗಿದರು. ಗಂಡ ಬಂದವರಿಗೆಲ್ಲ ಗಾಜಿನ ಪೆಟ್ಟಿಗೆ ತೋರಿಸಿ, ಜೇಡದ ಸ್ವಭಾವದ ಬಗ್ಗೆ ಒಂದು ಗಂಟೆ ಹೇಳುತ್ತಿದ್ದರು. ಒಳಗೆ ಚಾ ಮಾಡುವವಳು ನಾನು. ಜೇಡ ಎಂತ ತಿನ್ನುತ್ತದೆ ಎಂದು ಯಾರಾದರೂ ಕೇಳಿದರೆ, "ಹುಳ ಹಾಕುದು" ಎಂದು ಎರಡೇ ಶಬ್ದದಲ್ಲಿ ಮುಗಿಸುತ್ತಿದ್ದರು, ಆ ಹುಳ ಮನೆಯ ಮಾಡಿನಿಂದ ಉದುರುತ್ತದೋ ಎನ್ನುವ ಹಾಗೆ.

ಒಮ್ಮೆ ವಾರಪತ್ರಿಕೆಯವನೊಬ್ಬ ಬಂದು ಬರೆದುಕೊಂಡು ಹೋದ. ಅಚ್ಚಾದದ್ದನ್ನು ಗಂಡನೇ ಓದಿ ಹೇಳಿದರು. ಅವರ ಶ್ರಮ, ಅವರ ಸಹನೆ, ಅವರ ವಿಜ್ಞಾನಪ್ರೀತಿ ಎಲ್ಲ ಉಂಟು. ಕೊನೆಯಲ್ಲಿ ಒಂದು ಸಾಲು: ಇವರ ಪತ್ನಿಯೂ ಜೇಡಗಳಿಗೆ ಹೆದರದೆ ಮನೆಯಲ್ಲಿಯೇ ಇದ್ದಾರೆ.

ಮನೆಯಲ್ಲಿಯೇ ಇದ್ದಾರೆ ಎಂದು ಬರೆದದ್ದಲ್ಲವೇ, ಇರುವುದಿಲ್ಲ ಎಂದು ತೀರ್ಮಾನಿಸಿದೆ. ದಸರಾ ರಜೆ. ಹುಳದ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಕಡಬದ ತವರುಮನೆಗೆ ಬಸ್ಸು ಹತ್ತಿದೆ. ಪೆಟ್ಟಿಗೆ ನನ್ನ ಮಡಿಲಲ್ಲೇ ಇತ್ತು. ಹೋಗುವಾಗ ಒಂದು ಮಾತು ಹೇಳಿದ್ದೆ, ಜೇಡ ನಿಮ್ಮದಲ್ಲವೇ, ನೀವೇ ನೋಡಿಕೊಳ್ಳಿ ಎಂದು. ಮೂರು ವಾರ ಪತ್ರ ಬರೆಯಲಿಲ್ಲ. ಹಸಿದ ಜೇಡಗಳನ್ನು ನೋಡಿ ಇವರು ಓಡಿ ಬರುತ್ತಾರೆ ಎಂದು ದಿನಾ ಸಂಜೆಯ ಬಸ್ಸು ನೋಡುತ್ತಿದ್ದೆ. ಬರಲಿಲ್ಲ. ರಜೆ ಮುಗಿಯಿತು, ನಾನೇ ಹೊರಟೆ.

ಆ ಜಾತಿಯ ಜೇಡ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು ಎಂದು ಇವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಬಾಗಿಲು ತೆಗೆದು ನೋಡಿದರೆ ಎರಡು ಜೇಡವೂ ಗುಂಡಗೆ ಕೂತಿದ್ದವು. ಎಲುಬು ಕಾಣುವಷ್ಟು ಇಳಿದುಹೋದದ್ದು ನನ್ನ ಗಂಡ ಮಾತ್ರ.

೪. ಶಾಲೆಯ ಗೋಧಿ

ಇದು ಎಂಬತ್ತರ ನಂತರದ್ದು. ಇದನ್ನು ಹೇಳುವಾಗ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ, ಆದರೆ ಹೇಳಿ ಮುಗಿಸುವಾಗ ಅದೇ ಸಿಟ್ಟು ಈಗಲೂ ಬರುತ್ತದೆ.

ನಾನು ಕಲಿಸುತ್ತಿದ್ದದ್ದು ಸುಳ್ಯದಿಂದ ಬಸ್ಸಿನಲ್ಲಿ ಹೋಗಿ ಬರುವ ಒಂದು ಊರಿನ ಪ್ರಾಥಮಿಕ ಶಾಲೆಯಲ್ಲಿ. ಊರಿನ ಹೆಸರು ಬೇಡ. ಮಕ್ಕಳಿಗೆ ಮಧ್ಯಾಹ್ನ ಸರಕಾರದ ಗೋಧಿ ನುಚ್ಚಿನ ಉಪ್ಪಿಟ್ಟು. ಮೂಟೆಗಳು ಸೋರುವ ಕೋಣೆಯಲ್ಲಿ ನೆಲದ ಮೇಲೆಯೇ ಬಿದ್ದಿರುತ್ತಿದ್ದವು. ನುಚ್ಚಿಗೆ ಬಲೆ ಕಟ್ಟಿ, ಕಪ್ಪು ಹುಳ ಹಿಡಿದು, ಉಪ್ಪಿಟ್ಟಿನಲ್ಲಿ ಸಾಸಿವೆ ಯಾವುದು ಹುಳ ಯಾವುದು ಎಂದು ಮಕ್ಕಳು ಆರಿಸುತ್ತಾ ಕೂರುತ್ತಿದ್ದರು. ನಮ್ಮ ಮನೆಯ ಹುಳಕ್ಕೆ ನಾನು ತವುಡನ್ನು ಬಿಸಿಲಿಗೆ ಹಾಕಿ, ಸೋಸಿ ಕೊಡುತ್ತೇನೆ. ಇಲ್ಲಿ ಮಕ್ಕಳಿಗೆ ಇದು. ಮುಖ್ಯೋಪಾಧ್ಯಾಯರಿಗೆ ಮೂರು ಸಲ ಹೇಳಿದೆ. ಬೇಯಿಸಿದರೆ ಎಲ್ಲ ಸರಿಯಾಗುತ್ತದೆ ಎಂದರು.

ಕೊನೆಗೆ ಒಂದು ಮಗುವಿನ ತಂದೆ, ಆಲೆಟ್ಟಿ ಕಡೆಯಿಂದ ಬಂದು ನೆಲೆಸಿದ ಕೃಷಿಕ, ಉಪ್ಪಿಟ್ಟನ್ನು ಬಾಳೆಲೆಯಲ್ಲಿ ಕಟ್ಟಿಕೊಂಡು ಹೋಗಿ ಮೇಲಿನ ಕಚೇರಿಯ ಮೇಜಿನ ಮೇಲೆ ಬಿಡಿಸಿ ಇಟ್ಟು ಬಂದ. ವಿಚಾರಣೆಗೆ ಇನ್‌ಸ್ಪೆಕ್ಟರು ಬರುತ್ತಾರೆ ಎಂದು ಪತ್ರ ಬಂತು. ಮುಖ್ಯೋಪಾಧ್ಯಾಯರಿಗೆ ಬೆವರಿತು. ಅದರ ಹಿಂದಿನ ವಾರವೇ ನಾನು ಏಳನೆಯ ತರಗತಿಗೆ ಹುಳ, ಕೋಶ, ದುಂಬಿ ತೋರಿಸಲು ನಮ್ಮ ಪೆಟ್ಟಿಗೆಯನ್ನು ಶಾಲೆಗೆ ತಂದಿದ್ದೆ. ಅವರಿಗೆ ಅಷ್ಟು ಸಾಕಾಯಿತು. ನನ್ನ ಹುಳಗಳಿಂದಲೇ ಸರಕಾರದ ಗೋಧಿ ಹಾಳಾಗಿದೆ, ಕ್ರಮ ಯಾಕೆ ಕೈಗೊಳ್ಳಬಾರದು ಎಂದು ನನಗೆ ಮೆಮೊ ಕೊಟ್ಟರು. ಹನ್ನೊಂದು ವರ್ಷದ ನೌಕರಿಯಲ್ಲಿ ಮೊದಲನೆಯ ಮೆಮೊ. ಆ ಕಾಗದ ಹಿಡಿದು ಬಸ್ಸಿನಲ್ಲಿ ಕೂತಾಗ ಸಿಟ್ಟಿಗೆ ಕಣ್ಣೀರು ಬಂತು. ಗಂಡ ಓದಿ, ಮೊದಲ ಸಲ ಜೇಡದ ವಿಷಯ ಬಿಟ್ಟು ಬೇರೆ ಮಾತಾಡಿದರು. ಪೆಟ್ಟಿಗೆ ತೆಗೆದುಕೊಂಡು ಹೋಗು, ನಿನ್ನ ಹುಳ ಬೇರೆ ಆ ಹುಳ ಬೇರೆ ಎಂದು ತೋರಿಸು ಎಂದರು.

ವಿಚಾರಣೆಯ ದಿನ ಪೆಟ್ಟಿಗೆ ಹಿಡಿದು ಹೋದರೆ ಶಾಲೆಯಿಡೀ ಊದುಬತ್ತಿ. ಇನ್‌ಸ್ಪೆಕ್ಟರು ಸಣ್ಣಗಿನ, ಕಡಿಮೆ ಮಾತಿನ ಮನುಷ್ಯ. ಮೂಟೆ ಬಿಚ್ಚಿಸಿದರೆ ನುಚ್ಚಿನಲ್ಲಿ ಒಂದು ಹುಳವೂ ಇಲ್ಲ. ನನಗೇ ಆಶ್ಚರ್ಯ. ಟೀಚರ ಪೆಟ್ಟಿಗೆ ಶಾಲೆಯಿಂದ ಹೋಯಿತು, ಹುಳವೂ ಹೋಯಿತು ಎಂದು ಮುಖ್ಯೋಪಾಧ್ಯಾಯರು ವಿವರಿಸಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ನಿಲ್ಲಿಸಲಿಲ್ಲ. ಈ ಹುಳ ಗೋಧಿಯನ್ನು ಹೇಗೆ ಮುಕ್ಕುತ್ತದೆ ನೀವೇ ನೋಡಿ ಸಾರ್ ಎಂದು ಮೂಟೆಯಿಂದ ಎರಡು ಬೊಗಸೆ ನುಚ್ಚು ತೆಗೆದು ನನ್ನ ಪೆಟ್ಟಿಗೆಗೆ ಸುರಿದರು. ಇನ್‌ಸ್ಪೆಕ್ಟರು ನೋಡುವಾ ಎಂದು ಹೇಳಿ ತರಗತಿಗಳ ತಪಾಸಣೆಗೆ ಹೋದರು.

ಒಂದು ಗಂಟೆ ಕಳೆದು ನಾನು ಪೆಟ್ಟಿಗೆ ನೋಡಿದೆ. ಹುಳಗಳು ಮೈ ಹೊಸೆದುಕೊಂಡು ಹೊರಳುತ್ತಿದ್ದವು. ಕೆಲವು ಆಗಲೇ ಬೆನ್ನಡಿಯಾಗಿ ಅಲುಗಾಡದೆ ಬಿದ್ದಿದ್ದವು. ಬಗ್ಗಿ ಮೂಸಿದೆ. ಊದುಬತ್ತಿಯ ಪರಿಮಳದ ಅಡಿಯಲ್ಲಿ, ಗದ್ದೆಗೆ ಎರಚುವ ಕೀಟದ ಪುಡಿಯ ವಾಸನೆ.

ಆಚೆ ಅಡುಗೆಯವಳು ಉಪ್ಪಿಟ್ಟು ಮಗುಚುವ ಸದ್ದು ಕೇಳಿಸುತ್ತಿತ್ತು. ನಾನು ಹೇಗೆ ಓಡಿದೆ ಎಂದು ನೆನಪಿಲ್ಲ. ಎರಡು ಬಿಂದಿಗೆ ನೀರು ಒಲೆಗೆ ಸುರಿದೆ, ಕಡಾಯಿಯನ್ನು ಅಂಗಳಕ್ಕೆ ಎಳೆಸಿ ಮಗುಚಿಸಿದೆ, ಕಾಗೆಯೂ ಮುಟ್ಟದ ಹಾಗೆ ಮಣ್ಣು ಹಾಕಿಸಿದೆ. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಂತಾಗಿತ್ತು. ಒಂದನೆಯ ತರಗತಿಯ ಒಂದು ಮಗು ಇವತ್ತು ಉಪ್ಪಿಟ್ಟು ಇಲ್ಲವಾ ಎಂದು ಕೇಳಿತು. ನಾನು ಮುಖ್ಯೋಪಾಧ್ಯಾಯರ ಕಡೆ ತಿರುಗಿದೆ. ಎಲ್ಲರ ಎದುರು ಕೇಳಿದೆ:

"ನಿಮಗೆ ಹುಳ ಸಾಯಿಸಬೇಕಿತ್ತು, ಸರಿ. ಆಮೇಲೆ ಆ ನುಚ್ಚು ತಿನ್ನುವವರು ಯಾರು ಎಂದು ಯೋಚನೆ ಮಾಡಿದ್ದೀರಾ?"

ಇನ್‌ಸ್ಪೆಕ್ಟರು ಬಂದು ಪೆಟ್ಟಿಗೆ ನೋಡಿದರು. ಎಂತ ಹಾಕಿದ್ದೀರಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದರು. ಸ್ವಲ್ಪವೇ ಸಾರ್, ಮೇಲಿನಿಂದ ಉದುರಿಸಿದ್ದು, ಕಲಸಿಲ್ಲ ಎಂದರು ಅವರು. ಇನ್‌ಸ್ಪೆಕ್ಟರು ಅವತ್ತೇ ಎಲ್ಲ ಮೂಟೆಯನ್ನೂ ಗುಂಡಿ ತೆಗೆಸಿ ಹೂಳಿಸಿದರು. ಮಕ್ಕಳಿಗೆ ಇನ್‌ಸ್ಪೆಕ್ಟರೇ ಅಂಗಡಿಯಿಂದ ಅವಲಕ್ಕಿ, ಬಾಳೆಹಣ್ಣು ತರಿಸಿದರು, ತಾವೂ ಮಕ್ಕಳ ಜೊತೆ ಜಗಲಿಯಲ್ಲಿ ಕೂತು ತಿಂದರು. ನನ್ನ ಮೆಮೊವನ್ನು ಹರಿದು ಹಾಕಿದರು. ಮುಖ್ಯೋಪಾಧ್ಯಾಯರಿಗೆ ಮುಂದಿನ ತಿಂಗಳು ದೂರ ವರ್ಗವಾಯಿತು. ಹೊಸದಾಗಿ ಬಂದ ನುಚ್ಚನ್ನು ಇಡಲು ಮರದ ಮಂಚವೂ ಬಂತು. ನನ್ನ ಪೆಟ್ಟಿಗೆಯಲ್ಲಿ ಒಂದೇ ಒಂದು ಹುಳ ಉಳಿಯಲಿಲ್ಲ. ನಾನು ಹುಳಕ್ಕಾಗಿ ಅತ್ತದ್ದು ಅದೊಂದೇ ದಿನ, ಅದೂ ಯಾರಿಗೂ ಕಾಣದ ಹಾಗೆ.

ಆದರೆ ಆ ಮಧ್ಯಾಹ್ನದ ಒಂದು ಮಾತು ಉಂಟು. ಇನ್‌ಸ್ಪೆಕ್ಟರು ತಪಾಸಣೆ ಪುಸ್ತಕ ತೆರೆದು ಎರಡು ಪುಟ ಬರೆದರು. ಬರೆದು ಮುಗಿಸಿ ಸಹಿ ಹಾಕಲು ಹೊರಟಾಗ, ಅಷ್ಟರವರೆಗೆ ತಲೆ ತಗ್ಗಿಸಿ ನಿಂತಿದ್ದ ಮುಖ್ಯೋಪಾಧ್ಯಾಯರು ಮೆಲ್ಲಗೆ ಹತ್ತಿರ ಹೋಗಿ ಬಗ್ಗಿದರು. ಕ್ಷಮೆ ಕೇಳುತ್ತಾರೆ ಎಂದು ನಾವೆಲ್ಲ ಕಾದೆವು.

"ಸಾರ್," ಎಂದರು, "ಗೋಧಿಯಲ್ಲಿ ಈಗ ಹುಳ ಇಲ್ಲ ಎಂಬುದನ್ನೂ ಅದರಲ್ಲಿ ಒಂದು ಸಾಲು ಸೇರಿಸಬಹುದಲ್ಲ?"