ಅಜ್ಜಿಗೆ ಯಾರು ಹೇಳಬೇಕು?

ತತ್ವಶಾಸ್ತ್ರದ ಮೇಷ್ಟ್ರು ಹೋಗಿಬಿಟ್ಟರು, ಕೊನೆಯ ಸಲ ಕ್ಷೌರ ಮಾಡಿಹೋಗು ಎಂದು ಕ್ಷೌರಿಕನಿಗೆ ಕರೆ ಬಂತು. ಪೆಟ್ಟಿಗೆ ಹಿಡಿದು ಮೆಟ್ಟಿಲು ಹತ್ತುತ್ತಲೇ ಮೇಷ್ಟ್ರ ಮಗ ಅಡ್ಡ ಬಂದ.

"ನೋಡಪ್ಪಾ, ಅಮ್ಮನಿಗಿನ್ನೂ ಹೇಳಿಲ್ಲ. ಎದೆ ವೀಕು. ಕೇಳಿದ್ರೆ ಮಲಗಿದಾರೆ ಅಂದ್ಬಿಡು. ಒಂದು ಸುಳ್ಳಿಂದ ಜೀವ ಉಳಿಯತ್ತೆ ಅಂದ್ರೆ ತಪ್ಪಲ್ಲ. ಫಲ ನೋಡ್ಬೇಕು, ಫಲ!"

"ಫಲವಂತೆ ಫಲ!" ಅಳುತ್ತಿದ್ದ ಮಗಳು ಸಿಡಿದೆದ್ದಳು. "ಸುಳ್ಳು ಯಾವತ್ತಿದ್ರೂ ಸುಳ್ಳೇ. ಅಪ್ಪ ಜೀವನಪೂರ್ತಿ ಪಾಠ ಹೇಳಿದ್ದೇ ಇದನ್ನ. ನಿಜ ಹೇಳೋದು ನಿನ್ನ ಕರ್ತವ್ಯ."

"ಹಾಗಾದ್ರೆ ನೀವೇ ಹೇಳೀಮ್ಮಾ," ಎಂದ ಕ್ಷೌರಿಕ.

"ನನ್ ಕೈಲಾಗಲ್ಲ," ಎಂದು ಮತ್ತೆ ಅಳತೊಡಗಿದಳು.

ಕರೆಯದೆ ಬಂದು ಒಳ್ಳೆಯ ಕುರ್ಚಿ ಹಿಡಿದಿದ್ದ ಪಕ್ಕದ ಮನೆಯಾತ ತಲೆ ಹಾಕಿದ. "ಫಲ, ಕರ್ತವ್ಯ ಎಲ್ಲ ಬಿಡಯ್ಯಾ. ನಿನ್ನ ಜಾಗದಲ್ಲಿ ಒಬ್ಬ ಒಳ್ಳೇ ಮನುಷ್ಯ ಇದ್ದಿದ್ರೆ ಏನ್ ಮಾಡ್ತಿದ್ದ, ಅದನ್ನ ಯೋಚಿಸು."

ಒಳ್ಳೇ ಮನುಷ್ಯ ಇವತ್ತು ಅಂಗಡಿಯನ್ನೇ ತೆರೆಯುತ್ತಿರಲಿಲ್ಲ ಎಂದುಕೊಂಡ ಕ್ಷೌರಿಕ. ಮೂವರು ಸೇರಿ ಹಿಂಡಿದ ಒದ್ದೆ ಟವೆಲಿನಂತಾಗಿ ಕೋಣೆ ಹೊಕ್ಕ.

ಮೇಷ್ಟ್ರ ಕೆನ್ನೆ ನೆಲದ ಕಲ್ಲಿನಷ್ಟು ತಣ್ಣಗಿತ್ತು. ನೊರೆ ಹಚ್ಚಿ ಒಂದು ಕಡೆ ಮುಗಿಸಿದ. ಇನ್ನೊಂದು ಕಡೆಗೆ ಕತ್ತಿ ಒಯ್ಯುವಷ್ಟರಲ್ಲಿ, ಪಳಗಿದ ಗಿರಾಕಿಯಂತೆ, ಮುಖ ತಾನಾಗಿಯೇ ಹೊರಳಿತು.

ದಿಂಬು ಜಾರಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಕೈ ಮಾತ್ರ ನಂಬಲಿಲ್ಲ, ಕತ್ತಿಯನ್ನು ಕೆಳಗಿಟ್ಟುಬಿಟ್ಟಿತು. ಬಿಸಿನೀರಿನ ನೆಪದಲ್ಲಿ ಅಡುಗೆಮನೆಗೆ ಓಡಿದ.

ಒಲೆಯ ಮುಂದಿದ್ದ ಅಜ್ಜಿ, ಮೇಷ್ಟ್ರ ಹೆಂಡತಿ, ಅವನ ಮೊಣಕೈ ಹಿಡಿದರು. "ನನ್ನ ಮುಖ ನೋಡಿ ಹೇಳು ಮಗಾ. ಅವರು ಹೇಗಿದಾರೆ?"

ಮೂರು ಬುದ್ಧಿಮಾತುಗಳೂ ಒಟ್ಟಿಗೆ ನುಗ್ಗಿ ತಲೆಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದವು. ಆ ಕಣ್ಣು ನೋಡಿದ ಮೇಲೆ ಸುಳ್ಳು ಹೊರಡಲಿಲ್ಲ.

"ಹೋಗ್ಬಿಟ್ರು ಅಜ್ಜೀ," ಎಂದು, ಬಿದ್ದರೆ ಹಿಡಿಯಲು ಎರಡೂ ಕೈ ಚಾಚಿದ.

ಅಜ್ಜಿ ಬೀಳಲಿಲ್ಲ. ಮಗ್ಗಿಗೆ ನೀರು ಬಗ್ಗಿಸಿದರು. "ಗೊತ್ತು ಕಣಪ್ಪಾ. ಪಕ್ಕದಲ್ಲಿ ಮಲಗಿದ್ದೋಳಿಗೆ ಗೊತ್ತಾಗಲ್ವಾ? ಮಕ್ಕಳಿಗೆ ತಡ್ಕೊಳಕ್ಕಾಗಲ್ಲ ಅಂತ ಸುಮ್ನಿದ್ದೆ."

ಕ್ಷೌರಿಕನ ಹೋದ ಜೀವ ಬಂತು.

"ಆದ್ರೆ," ಅಜ್ಜಿ ದನಿ ತಗ್ಗಿಸಿದರು, "ತಾವು ಹೋಗಿರೋದು ಅವರಿಗೇ ಇನ್ನೂ ಗೊತ್ತಾಗಿಲ್ಲ."

ಕೋಣೆಯಲ್ಲಿ ಯಾರೋ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಏನಯ್ಯಾ, ಅರ್ಧ ಮುಖ ಬಿಟ್ಟು ಎಲ್ಲಿ ಹೋದೆ?"

ಕ್ಷೌರಿಕ ನಡುಮನೆಯತ್ತ ತಿರುಗಿದ. ಮಗನಿಲ್ಲ, ಮಗಳಿಲ್ಲ. ಒಳ್ಳೆಯ ಕುರ್ಚಿ ಮಗುಚಿ ಬಿದ್ದಿತ್ತು. ಮೆಟ್ಟಿಲ ಮೇಲೆ ದಡದಡ ಸದ್ದು.

ಅಜ್ಜಿ ಮಗ್ಗನ್ನು ಅವನ ಕೈಗಿತ್ತು ಮೆಲ್ಲಗೆ ಬೆನ್ನು ತಳ್ಳಿದರು.

"ಆಗ್ಲಿಂದ ಅಳು ಕೇಳ್ತಿತ್ತಲ್ಲ," ಮೇಷ್ಟ್ರು ಒಳಗಿನಿಂದ ಕೇಳಿದರು, "ಯಾರಪ್ಪಾ ಹೋಗಿದ್ದು? ನೀನಾದ್ರೂ ಸುಳ್ಳು ಹೇಳ್ಬೇಡ."